ತೀರ್ಥಮ್ಮ ಕಣ್ಣಾರೆ ಕಂಡ ಪಾಯಿಂಟು

ಅಜ್ಜಂಪುರದ ವಾಲಿಬಾಲ್ ತಂಡ ಗೆದ್ದ ಒಂದು ಪಾಯಿಂಟನ್ನೂ ತೀರ್ಥಮ್ಮ ಮೂರು ವರ್ಷದಿಂದ ಕಣ್ಣಾರೆ ಕಂಡಿರಲಿಲ್ಲ. ಹಾಗಂತ ಮ್ಯಾಚು ತಪ್ಪಿಸಿಕೊಂಡವಳಲ್ಲ. ಕಡೂರು, ಬೀರೂರು, ಶಿವನಿ, ತರೀಕೆರೆ, ತಂಡ ಎಲ್ಲಿಗೆ ಹೊರಟರೂ ಮಂಡಕ್ಕಿ ಮೂಟೆ, ಎಣ್ಣೆ ಡಬ್ಬ, ಈರುಳ್ಳಿ ಚೀಲ ಹೇರಿಕೊಂಡು ಅದೇ ಬಸ್ಸು ಹತ್ತುವಳು. ಹಿಂದೆ ಗಂಡ ದೇವೀರಪ್ಪ, ಬೋಂಡ ಕರಿಯುವ ಸ್ಟವ್ ಹಿಡಿದುಕೊಂಡು, ಮಾತಿಲ್ಲದೆ. ಮೈದಾನದ ಅಂಚಿನಲ್ಲಿ ಅಂಗಡಿ ಹೂಡುವರು. ಆಮೇಲೆ ತೀರ್ಥಮ್ಮ ಆಟಕ್ಕೆ ಬೆನ್ನು ಹಾಕಿ ಕೂರುವಳು.

ಹೀಗೆ ಕೂರುವುದು ಶುರುವಾದದ್ದು ಕಡೂರಿನಲ್ಲಿ. ಅಲ್ಲಿಯವರೆಗೆ ಅವಳೂ ಎಲ್ಲರ ಹಾಗೆ ಆಟ ನೋಡುತ್ತಿದ್ದಳು. ಚೆಂಡು ಮೇಲೆ ಹೋದರೆ ಎದೆಯೂ ಜೊತೆಗೆ ಮೇಲೆ ಹೋಗುವುದು, ನಮ್ಮವರ ಕಡೆ ಬಿದ್ದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುವುದು. ಅಂದು ಅಜ್ಜಂಪುರ ಸೋಲುವುದು ಖಂಡಿತ ಅನ್ನುವಾಗ ತಡೆಯಲಾರದೆ ಸ್ಕೂಲಿನ ಕಾಂಪೌಂಡಿನ ಕಡೆ ತಿರುಗಿ ಕೂತು ಈರುಳ್ಳಿ ಹೆಚ್ಚತೊಡಗಿದಳು. ಬೆನ್ನ ಹಿಂದೆ ಶಿಳ್ಳೆ ಎದ್ದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕೊನೆಗೆ ಯಾರೋ ತಮಟೆ ಬಡಿದರು. ತಿರುಗಿ ನೋಡಿದರೆ ನಮ್ಮ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು.

ಇದನ್ನೆಲ್ಲ ಗಮನಿಸಿದವರು ಕರಿಸಿದ್ದಪ್ಪ. ಎಣ್ಣೆ ಮಿಲ್ಲಿನ ಮಾಲೀಕರು. ತಂಡದ ಬನಿಯನ್ನು, ಚೆಂಡು, ಬಸ್ ಚಾರ್ಜು ಎಲ್ಲ ಅವರದೇ ಆದ್ದರಿಂದ ಮ್ಯಾನೇಜರೂ ಅವರೇ.

"ತೀರ್ಥಮ್ಮಾ, ನೀವು ನೋಡ್ತಿದ್ದಾಗ ಸೋಲ್ತಿದ್ವಿ. ತಿರುಗಿದ್ರಿ, ಗೆದ್ವಿ. ಇನ್ಮೇಲೆ ನೀವು ನೋಡಂಗಿಲ್ಲ ಕಣ್ರೀ."

"ನಾನ್ ನೋಡಿದ್ರೆ ಚೆಂಡಿಗೇನು ನಾಚ್ಕೆ ಆಗುತ್ತಾ ಅಣ್ಣಾ?"

"ಅದೇನೋ ನಂಗೊತ್ತಿಲ್ಲ. ತಂಡದ ಒಳ್ಳೇದಕ್ಕೆ ಅಂತ ತಿಳ್ಕೊಳ್ಳಿ."

ತೀರ್ಥಮ್ಮ ನಕ್ಕಳು, ಆದರೆ ಒಪ್ಪಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಬೇಕಾಗಿತ್ತು. ಹೆದರಿ ಮುಖ ತಿರುಗಿಸಿದ್ದನ್ನು ಊರೇ ಸೇವೆ ಅಂತ ಕರೆದರೆ ಬೇಡ ಅನ್ನುವವರು ಯಾರು? ಆಮೇಲೂ ತಂಡ ಸೋತದ್ದುಂಟು. ಸೋತ ದಿನ "ತೀರ್ಥಮ್ಮ ಕದ್ದು ನೋಡಿರ್ಬೇಕು ಕಣ್ರೋ" ಎಂದು ಕರಿಸಿದ್ದಪ್ಪ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಬೆನ್ನು ಹಾಕಿದ ಮಾತ್ರಕ್ಕೆ ಭಯ ಹೋಗಲಿಲ್ಲ. ಕಣ್ಣಿನಿಂದ ಇಳಿದು ಕೈಗೆ ಬಂತು. ಹಿಂದೆ ಗಲಾಟೆ ಏರಿದಷ್ಟೂ ಅವಳ ಕೈ ಖಾರದ ಪುಡಿಯ ಡಬ್ಬಿಗೆ ಹೋಗುತ್ತಿತ್ತು. "ಸ್ಕೋರ್ ಬೋರ್ಡ್ ಯಾಕಪ್ಪಾ ಬೇಕು? ತೀರ್ಥಕ್ಕನ ಹತ್ರ ಒಂದು ಪೊಟ್ಟಣ ತಗೊಂಡು ತಿನ್ನು. ಕಣ್ಣಲ್ಲಿ ನೀರು ಬಂದ್ರೆ ಹದಿಮೂರು-ಹದಿಮೂರು ಅಂತ ತಿಳ್ಕೋ" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಅವಳು ಅದಕ್ಕೂ ನಗುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ತರೀಕೆರೆಯಲ್ಲಿ ಟೂರ್ನಮೆಂಟು ನಡೆದು, ಅಜ್ಜಂಪುರ ಕಡೂರಿನ ಎದುರು ಫೈನಲ್ಲಿಗೆ ಬಂತು. ಬೆಳಗಿನ ಬಸ್ಸಿನಲ್ಲಿ ಮುನೀರ್ ಪಾಷಾ ಬಂದು ತೀರ್ಥಮ್ಮನ ಪಕ್ಕದ ಮೂಟೆಯ ಮೇಲೆ ಕೂತ. ಪಕ್ಕದ ಮನೆಯ ಶರೀಫುನ್ನೀಸಾಳ ಮಗ, ತಂಡದ ಕ್ಯಾಪ್ಟನ್ನು. ಚಿಕ್ಕವನಿದ್ದಾಗ ಬಟ್ಟೆ ಚೆಂಡು ಹೊಡೆದು ತೀರ್ಥಮ್ಮನ ಮನೆಯ ಹೆಂಚು ಒಡೆದವನು, ಈಗ ಬಲೆಯ ಮೇಲಿಂದ ಚೆಂಡು ಹೊಡೆದಿಳಿಸುವುದರಲ್ಲಿ ತಾಲ್ಲೂಕಿಗೇ ದೊಡ್ಡ ಶೂಟರ್. ಬಲಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ.

"ಚಿಕ್ಕಮ್ಮಾ, ಸೋಮವಾರ ಭದ್ರಾವತೀಲಿ ಕೆಲ್ಸಕ್ಕೆ ಸೇರ್ಕೋಬೇಕು. ಈ ಮಂಡಿ ಇಟ್ಕೊಂಡು ಇನ್ನು ಆಡಾಕಾಗಲ್ಲ. ಇದೇ ಕೊನೇ ಮ್ಯಾಚು."

"ಗೊತ್ತು ಕಣೋ. ನಿಮ್ಮಮ್ಮ ಹೇಳಿದ್ಳು."

"ನಾನ್ ಹೊಡೆಯೋದು ಒಂದ್ಸಲ ನೋಡ್ಬಿಡು."

"ನೋಡಿ, ನೀನು ಸೋತ್ರೆ? ಕರಿಸಿದ್ದಪ್ಪಾರು ನನ್ನ ಮಿಲ್ಲಿಗೆ ಹಾಕಿ ಎಣ್ಣೆ ತೆಗೆದ್ಬಿಡ್ತಾರೆ."

ಮುನೀರ ನಕ್ಕು ಎದ್ದು ಹೋದ. ತೀರ್ಥಮ್ಮ ನಗಲಿಲ್ಲ. ಆ ಹುಡುಗ ನೆಗೆಯಲು ಕಲಿತದ್ದನ್ನು ಕಂಡಿದ್ದಳು. ಬೀಳುವುದನ್ನು ಕಂಡಿದ್ದಳು. ನೆಗೆದು ಗೆಲ್ಲುವುದನ್ನು ಮಾತ್ರ ಕಂಡಿರಲಿಲ್ಲ. ಇವತ್ತು ಕಾಣದಿದ್ದರೆ ಇನ್ನೆಂದೂ ಇಲ್ಲ.

ಮೈದಾನದಲ್ಲಿ ಕರಿಸಿದ್ದಪ್ಪ ತಾವೇ ನಿಂತು ಅವಳ ಅಂಗಡಿಯ ಮುಖ ರಸ್ತೆಯ ಕಡೆ ಮಾಡಿಸಿದರು. ಮೊದಲ ಸೆಟ್ಟು ಕಡೂರಿಗೆ ಹೋಯಿತು. ಎರಡನೆಯದು ಅಜ್ಜಂಪುರಕ್ಕೆ ಬಂತು. ಎರಡನ್ನೂ ಅವಳು ಬೆನ್ನಿನಿಂದಲೇ ಕೇಳಿಸಿಕೊಂಡಳು. ಎರಡನೆಯ ಸೆಟ್ಟಿನ ಕೊನೆಗೆ ಮಂಡಕ್ಕಿ ತಿಂದ ಒಬ್ಬ ಪೋಲೀಸಿನವನು ನೀರು ಹುಡುಕಿಕೊಂಡು ಓಡಿದ.

ಮೂರನೆಯ, ಕೊನೆಯ ಸೆಟ್ಟು ಶುರುವಾದ ಮೇಲೆ ಶರೀಫುನ್ನೀಸಾ ಬಂದಳು. ತರೀಕೆರೆಯಲ್ಲೇ ಇದ್ದ ತಂಗಿ ಕುಬ್ರಾಳ ಮನೆಯಲ್ಲಿ ಕೂತಿರುತ್ತೇನೆ, ಮೈದಾನಕ್ಕೆ ಬರುವುದಿಲ್ಲ ಎಂದಿದ್ದವಳು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಉಸಿರು ಬಿಡುತ್ತ ಎಣ್ಣೆ ಡಬ್ಬದ ಮೇಲೆ ಕುಸಿದಳು.

"ಅಲ್ಲಿ ಕೂತ್ರೆ ಬರೀ ಕೂಗಾಟ ಕೇಳುತ್ತೆ ತೀರ್ಥಾ. ಒಂದೊಂದು ಕೂಗಿಗೂ ನನ್ನ ಮಗ ಕಾಲು ಮುರ್ಕೊಂಡ ಅಂತಾನೇ ಅನ್ಸುತ್ತೆ."

"ಇಲ್ಲೂ ಅಷ್ಟೇ. ಕೂಗಾಟ ಸ್ವಲ್ಪ ಹತ್ರ."

"ಎಷ್ಟಾಗಿದೆ?"

"ಹನ್ನೊಂದು-ಹನ್ನೊಂದು ಅಂದ್ರು."

ಶರೀಫುನ್ನೀಸಾ ಆಟದ ಕಡೆ ಒಮ್ಮೆ ನೋಡಿದಳು. ಅದೇ ಹೊತ್ತಿಗೆ ಮುನೀರ ಬಲೆಯ ಹತ್ತಿರ ನೆಗೆದ. ಮುಂದಿನದು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಮೈದಾನ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಶಿಳ್ಳೆಯಿಲ್ಲ, ಬೈಗುಳವಿಲ್ಲ. ಮೂರು ವರ್ಷ ಎಲ್ಲ ಬಗೆಯ ಸದ್ದು ಕೇಳಿದ ತೀರ್ಥಮ್ಮನ ಬೆನ್ನು ಇಂಥ ಮೌನವನ್ನು ಕೇಳಿರಲಿಲ್ಲ.

"ಯಾ ಅಲ್ಲಾ, ಬಿದ್ನಾ? ನೋಡೇ ತೀರ್ಥಾ, ನಂಗಾಗಲ್ಲ. ನೀನಾದ್ರೂ ನೋಡೇ!"

ಇಬ್ಬರೂ ನೋಡದಿದ್ದರೆ ನಡೆಯುವುದಿಲ್ಲ, ಒಬ್ಬರಾದರೂ ನೋಡಲೇಬೇಕು. ತೀರ್ಥಮ್ಮ ಚಮಚ ಕೆಳಗಿಟ್ಟಳು. ತಿರುಗಿದಳು.

ಮುನೀರ ನೆಲದ ಮೇಲೆ ಕೂತು ಮಂಡಿ ಹಿಡಿದುಕೊಂಡಿದ್ದ. ಸುತ್ತ ಹುಡುಗರು ಬಗ್ಗಿ ನಿಂತಿದ್ದರು.

"ಕೂತವ್ನೆ. ಮಂಡಿ ತಿಕ್ಕೋತಾ ಅವ್ನೆ. ತಾಳು... ಎದ್ದ. ಎದ್ದ ಕಣೇ. ಕಾಲು ಝಾಡಿಸ್ತಾ ಅವ್ನೆ. ಏನಿಲ್ಲ, ನಗ್ತಾ ಅವ್ನೆ."

"ನಿಜವಾಗ್ಲೂ?"

"ನಾನ್ಯಾಕೆ ಸುಳ್ಳು ಹೇಳ್ಲಿ?"

ಆಟ ಮತ್ತೆ ಶುರುವಾಯಿತು. ಕಡೂರಿನವರು ಸರ್ವಿಸ್ ಹಾಕಿದರು. ಚೆಂಡು ನಮ್ಮ ಹಿಂದಿನ ಸಾಲಿನ ಇಬ್ಬರ ನಡುವೆ, ನೀನು ತಗೋ, ನೀನು ತಗೋ ಅನ್ನುವಷ್ಟರಲ್ಲಿ, ನೆಲಕ್ಕೆ ಬಿತ್ತು. ಹನ್ನೆರಡು-ಹನ್ನೊಂದು. ಮುಂದಿನದೂ ಹಾಗೇ ಹೋಯಿತು. ಹದಿಮೂರು.

ಕರಿಸಿದ್ದಪ್ಪ ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದರು. "ಅಯ್ಯೋ ತಾಯೀ! ಇವತ್ತೇ ನೋಡ್ಬೇಕಾ ನೀವು? ತಿರುಗ್ರೀ ಆಕಡೆ!"

ಸುತ್ತಲಿನ ನಾಲ್ಕಾರು ಮಂದಿಯೂ ತಿರುಗಿದರು. "ಓಹೋ, ಅದಕ್ಕೇ ಪಾಯಿಂಟು ಹೋಗ್ತಿರೋದು! ಅಕ್ಕಾ, ಬೆನ್ನು ತೋರ್ಸಿ ಪುಣ್ಯ ಕಟ್ಕೊಳ್ಳಿ!" ದೇವೀರಪ್ಪ ಬೋಂಡದ ಬಾಣಲೆಯಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದ, ಮತ್ತೆ ಬೋಂಡ ತಿರುವಿಹಾಕಿದ.

ತೀರ್ಥಮ್ಮನ ಕೈ ಖಾರದ ಡಬ್ಬಿಗಾಗಿ ತಡಕಾಡಿತು. ತಿರುಗಿಬಿಡುವುದು ಎಷ್ಟು ಸುಲಭ. ತಿರುಗಿದರೆ ಎಲ್ಲರೂ ಹೊಗಳುತ್ತಾರೆ. ಗೆದ್ದರೆ ಅವಳ ಬೆನ್ನಿನಿಂದ ಗೆದ್ದಂತೆ, ಸೋತರೆ ಅವಳ ತಪ್ಪಿಲ್ಲ. ಆಗಲೇ ಮತ್ತೊಂದು ಚೆಂಡು ನಮ್ಮ ಕಡೆ ಬಿತ್ತು. ಹದಿನಾಲ್ಕು-ಹನ್ನೊಂದು. ಹದಿನೈದಕ್ಕೆ ಗೆಲುವು, ಕಡೂರಿಗೆ ಇನ್ನೊಂದೇ ಬೇಕು.

"ತೀರ್ಥಮ್ಮಾ, ಕಾಲಿಗೆ ಬೀಳ್ತೀನಿ ಕಣ್ರೀ!"

ಆದರೆ ಶರೀಫುನ್ನೀಸಾ ಅವಳ ಸೆರಗಿನ ತುದಿ ಬಿಗಿಯಾಗಿ ಹಿಡಿದಿದ್ದಳು. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಏನಾಯ್ತೇ? ಹೇಳು. ಹೇಳದೆ ಹೋದ್ರೆ ನಾನು ಇಲ್ಲೇ ಸತ್ತೋಗ್ತೀನಿ."

"ಅಣ್ಣಾ," ಅಂದಳು ತೀರ್ಥಮ್ಮ, ಕಣ್ಣು ಆಟದ ಮೇಲಿಂದ ತೆಗೆಯದೆ, "ಶರೀಫಕ್ಕಂಗೆ ಯಾರಾದ್ರೂ ಹೇಳ್ಬೇಕು. ನೀವು ಹೇಳ್ತೀರಾ?"

"ನಾನಾ? ನಂಗೆ ಎದೆ ಹೊಡ್ಕೊಂತಾ ಇದೆ!"

"ಮತ್ತೆ ನಂಗೇನು ಎದೆ ಇಲ್ವಾ? ಸ್ವಲ್ಪ ಪಕ್ಕಕ್ಕೆ ಬನ್ನಿ, ಅಡ್ಡ ಆಯ್ತದೆ."

ಕರಿಸಿದ್ದಪ್ಪ ಬೆಪ್ಪಾಗಿ ಪಕ್ಕಕ್ಕೆ ಸರಿದರು. ತೀರ್ಥಮ್ಮ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳಿಗೇ ಒಂದು ಸಂಗತಿ ಗೊತ್ತಾಯಿತು. ಮುಂದೇನಾದೀತು ಅಂತ ಯೋಚಿಸಿದರೆ ಮುಖ ತಿರುಗಿಸಬೇಕೆನಿಸುತ್ತದೆ. ಈಗ ಏನಾಗುತ್ತಿದೆ ಅಂತಷ್ಟೇ ಹೇಳಿದರೆ ಉಸಿರು ಆಡುತ್ತದೆ.

"ಕಡೂರಿನವ್ನು ಹಾಕ್ದ. ನಮ್ಮೋನು ಎತ್ತಿದ. ಲಿಫ್ಟರ್ ಮೇಲಕ್ಕೆ ಬಿಟ್ಟ. ಮುನೀರ ಬಂದ, ನೆಗೆದ..."

"ಆಮೇಲೆ?"

"ಹೊಡ್ದ! ಗೆರೆ ಮೇಲೇ ಬಿತ್ತು. ಸುಣ್ಣ ಹಾರ್ತು ಕಣೇ!"

"ಗೆದ್ವಾ?"

"ಇಲ್ಲ, ಸರ್ವಿಸ್ ಬಂತು ಅಷ್ಟೇ. ಸರ್ವಿಸ್ ಯಾರದ್ದೋ ಅವ್ರಿಗೆ ಮಾತ್ರ ಪಾಯಿಂಟು."

"ಇದೆಂಥಾ ಆಟನೇ? ಹೊಡೆದ್ರೂ ಪಾಯಿಂಟಿಲ್ವಾ?"

"ಹಂಗೇ ಅದು. ಸುಮ್ಕೆ ಕೇಳು."

ಬೆನ್ನು ಹಾಕಿ ಕೂತ ದಿನಗಳಲ್ಲಿ ಅವಳನ್ನು ಹೆಚ್ಚು ಹಿಂಸಿಸಿದ್ದು ಇದೇ. ಕೂಗು ಬರುವುದು, ಪಾಯಿಂಟು ಬರದು. ಸರ್ವಿಸ್ ಆಕಡೆ ಹೋಗುವುದು, ಈಕಡೆ ಬರುವುದು, ಬೋರ್ಡು ಅಲ್ಲೇ ನಿಲ್ಲುವುದು. ಈಗ ಕಣ್ಣೆದುರು ನೋಡಿದರೆ ಅದು ಹಿಂಸೆಯಲ್ಲ, ಆಟ. ಹುಡುಗರು ಬಿದ್ದರು, ಎದ್ದರು, ಬೆವರು ಒರೆಸಿಕೊಂಡರು. ಕಡೂರಿನ ಎತ್ತರದ ಶೂಟರೂ ಬೆವರುತ್ತಿದ್ದ. ಅಂಗೈಯನ್ನು ಮತ್ತೆ ಮತ್ತೆ ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ. ಮೂರು ವರ್ಷದಲ್ಲಿ ಎದುರಿನವರಿಗೂ ಭಯವಾಗುತ್ತದೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ.

ಹನ್ನೆರಡಾಯಿತು. ಸರ್ವಿಸ್ ಹೋಯಿತು, ಮತ್ತೆ ಬಂತು. ಹದಿಮೂರಾಯಿತು. ಮುನೀರ ಎರಡು ಸಲ ಒಂದೇ ಜಾಗಕ್ಕೆ ಹೊಡೆದು, ಮೂರನೆಯ ಸಲ ಹೊಡೆಯುವಂತೆ ನೆಗೆದು ಬೆರಳ ತುದಿಯಿಂದ ಬಲೆಯ ಆಚೆಗೆ ಮೆಲ್ಲನೆ ಇಳಿಸಿದ. ಕಡೂರಿನ ಮೂವರು ಅದರ ಮೇಲೆ ಬಿದ್ದರೂ ಸಿಗಲಿಲ್ಲ. ಹದಿನಾಲ್ಕು-ಹದಿನಾಲ್ಕು.

"ಕಳ್ಳ," ಅಂದಳು ತೀರ್ಥಮ್ಮ, ಪ್ರೀತಿಯಿಂದ. "ನಿನ್ನ ಮಗ ಎಂಥಾ ಕಳ್ಳ ಅಂತೀಯ!"

"ಏನ್ ಕದ್ದ?"

"ಆಮೇಲೆ ಹೇಳ್ತೀನಿ. ಈಗ ಎರಡು ಮುಂದೆ ಹೋಗ್ಬೇಕು ನಾವು."

ಅಷ್ಟರಲ್ಲಿ ಜನರೆಲ್ಲ ಎದ್ದು ನಿಂತಿದ್ದರು. ಅವಳಿಗೆ ಬೆನ್ನು ತೋರಿಸು ಅನ್ನುವವರು ಯಾರೂ ಇರಲಿಲ್ಲ. ಅವರವರ ಎದೆ ಅವರವರು ಹಿಡಿದುಕೊಂಡಿದ್ದರು. ತೀರ್ಥಮ್ಮ ಎಣ್ಣೆ ಡಬ್ಬದ ಪಕ್ಕದ ಕಲ್ಲಿನ ಮೇಲೆ ಹತ್ತಿದಳು. ಸರ್ವಿಸ್ ಆಕಡೆ ಹೋಗಿ ಬಂದು, ಹದಿನೈದು-ಹದಿನಾಲ್ಕು ಅಂತ ಬೋರ್ಡು ತಿರುಗಿತು. ಸರ್ವಿಸ್ ನಮ್ಮದೇ.

"ಈಗ?"

"ಮುನೀರನೇ ಹಾಕ್ತಾ ಅವ್ನೆ. ಹಾಕ್ದ. ಅವ್ರು ತಗೊಂಡ್ರು, ಎತ್ತಿದ್ರು. ಅವ್ರ ಉದ್ದದವ್ನು ನೆಗೆದ, ಹೊಡ್ದ, ನಮ್ಮ ಹುಡುಗ್ರು ತಡೆದ್ರು..."

ರೆಫರಿ ಸೀಟಿ ಊದಿದ. ಚೆಂಡು ಇನ್ನೂ ಗಾಳಿಯಲ್ಲೇ ಇತ್ತು. ಯಾರಿಗೂ ಏನೂ ತಿಳಿಯಲಿಲ್ಲ. ಎತ್ತರದ ಮಣೆಯ ಮೇಲಿದ್ದ ರೆಫರಿ ಬಲೆಯನ್ನು ಮುಟ್ಟಿ ತೋರಿಸಿ, ಕೈಯನ್ನು ಅಜ್ಜಂಪುರದ ಕಡೆ ಚಾಚಿದ.

"ಏನಾಯ್ತು?" ಶರೀಫುನ್ನೀಸಾ ಸೆರಗು ಎಳೆದಳು.

"ಗೆದ್ವಿ."

"ಹೆಂಗೆ? ಮುನೀರ ಹೊಡ್ದನಾ?"

"ಇಲ್ಲ. ಅವ್ರೋನ ಮೊಣಕೈ ನೆಟ್ಟಿಗೆ ತಾಕ್ತು."

"ಅಷ್ಟೇನಾ?"

"ಅಷ್ಟೇ ಕಣೇ," ಅಂದಳು ತೀರ್ಥಮ್ಮ. ಮೂರು ವರ್ಷ ಯಾವುದನ್ನು ನೋಡಲು ಹೆದರಿದ್ದಳೋ ಅದು ಒಂದು ಮೊಣಕೈ, ಒಂದು ಬಲೆ. ಅವಳಿಗೆ ನಗು ಬಂತು. ಕಲ್ಲಿನ ಮೇಲೆ ನಿಂತೇ ನಕ್ಕಳು. ಕೆಳಗೆ ಹುಡುಗರು ಮುನೀರನನ್ನು ಹೊತ್ತುಕೊಂಡಿದ್ದರು, ಪಟ್ಟಿ ಬಿಚ್ಚಿಹೋದ ಅವನ ಕಾಲು ಗಾಳಿಯಲ್ಲಿ ಆಡುತ್ತಿತ್ತು. ಅವನು ಗುಂಪಿನ ಮೇಲಿಂದ ಇತ್ತ ನೋಡಿದ. ಅವಳು ಕೈಯೆತ್ತಿದಳು. ಶರೀಫುನ್ನೀಸಾ ಆಗ ಕಣ್ಣು ತೆರೆದಳು.

ಅಂಗಡಿಯ ಹಿಂದಿನಿಂದ ಕರಿಸಿದ್ದಪ್ಪ ಬಂದರು. ಮುಖವೆಲ್ಲ ಬೆವರು.

"ಗೆದ್ವಾ? ಹೆಂಗ್ರೀ ಗೆದ್ವಿ?"

"ನೀವು ನೋಡ್ಲಿಲ್ವಾ?"

"ಎಲ್ಲಿ ನೋಡ್ಲಿ! ನೀವು ತಿರುಗಲ್ಲ ಅಂದ್ರಲ್ಲ. ನಿಮ್ಮ ಬದ್ಲು ಯಾರಾದ್ರೂ ತಿರುಗ್ಬೇಕಲ್ಲ ಅಂತ ನಾನೇ ರಸ್ತೆ ಕಡೆ ತಿರುಗಿ ನಿಂತಿದ್ದೆ. ಅದಕ್ಕೇ ಗೆದ್ದಿದ್ದು!"

ದೇವೀರಪ್ಪ ಅಂದು ಮೊದಲ ಬಾರಿಗೆ ಬಾಯಿ ಬಿಟ್ಟ. "ಹಂಗಾದ್ರೆ ಮುಂದಿನ ಸಲ ಈರುಳ್ಳಿ ನೀವೇ ಹೆಚ್ಚಿ ಅಣ್ಣಾ. ಅವ್ಳು ನೋಡ್ಲಿ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಕರಿಸಿದ್ದಪ್ಪನವರೂ ಸ್ವಲ್ಪ ತಡವಾಗಿ ನಕ್ಕರು.

ಸಂಜೆಯ ಬಸ್ಸಿನಲ್ಲಿ ಗೆದ್ದ ಕಪ್ಪು ಮುಂದಿನ ಸೀಟಿನ ಮೇಲೆ ಕೂತಿತ್ತು. ಮುನೀರ ಕಾಲು ಚಾಚಿ ನಿದ್ದೆ ಹೋಗಿದ್ದ. ಅವನ ಅಮ್ಮ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕುಣಿದು ದಣಿದ ಹುಡುಗರಿಗೆ ಯಾವ ಪಾಯಿಂಟು ಯಾವಾಗ ಬಂತು ಅಂತ ನೆನಪಿರಲಿಲ್ಲ, ಒಬ್ಬೊಬ್ಬರು ಒಂದೊಂದು ಹೇಳಿದರು. ದಾರಿಯಲ್ಲಿ ಒಂದು ಗೇಟಿನ ಹತ್ತಿರ ಬಸ್ಸು ನಿಂತಾಗ ತಲೆಗೆ ಟವೆಲ್ ಸುತ್ತಿದ ಒಬ್ಬ ಮುದುಕ ಹತ್ತಿದ. ಕಪ್ಪನ್ನು ನೋಡಿ ಕಣ್ಣರಳಿಸಿದ.

"ಗೆದ್ರಾ? ಹೆಂಗಾಯ್ತ್ರಪ್ಪಾ ಆಟ?"

ಬಸ್ಸಿನಲ್ಲಿದ್ದವರೆಲ್ಲ ತೀರ್ಥಮ್ಮನ ಕಡೆ ನೋಡಿದರು. ಅವಳು ಖಾಲಿ ಮಂಡಕ್ಕಿ ಚೀಲವನ್ನು ಪಕ್ಕಕ್ಕೆ ಸರಿಸಿ ಮುದುಕನಿಗೆ ಜಾಗ ಮಾಡಿದಳು.

"ಕೂತ್ಕೋ ಬಾ ತಾತಾ. ಹನ್ನೊಂದು-ಹನ್ನೊಂದರಿಂದ ಹೇಳ್ತೀನಿ. ಅಲ್ಲಿಂದ ನಾನು ಪೂರ್ತಿ ನೋಡಿದೀನಿ."