ಹನ್ನೊಂದನೆಯ ಅಂಕಿ

"ನಿಲ್ಲಸ್ರಿ. ಈಗಽ ಎತ್ತಬ್ಯಾಡ್ರಿ," ಎಂದು ರುದ್ರವ್ವ ಹೊಸ್ತಿಲಿಗೆ ಅಡ್ಡ ನಿಂತಳು.

ಕುರ್ಲಾದ ಚಾಳಿನ ಆ ಖೋಲಿಯಲ್ಲಿ, ತೀರಿಕೊಂಡಿದ್ದ ಅವಳ ಗಂಡ ನೀಲಕಂಠಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟಾಗಿತ್ತು. ಹೊರಲು ಬಂದವರಲ್ಲಿ ಯಾರೋ, "ಮನಶ್ಯಾ ಛಲೋ, ಆದ್ರ ಭಾಳ ಹಟಮಾರಿ. ಒಂದು ವ್ಯಾಗನ್ ನಂಬರ್ ಸಲುವಾಗಿ ಸಸ್ಪೆಂಡ್ ಆಗಿದ್ದ," ಎಂದು ನಕ್ಕದ್ದು ಅವಳ ಕಿವಿಗೆ ಬಿದ್ದಿತ್ತು. ಇಪ್ಪತ್ತೆಂಟು ವರ್ಷ ನುಂಗಿಕೊಂಡು ಬಂದ ಮಾತು ಅದು. ಇವತ್ತು ನುಂಗಲು ಅವಳು ತಯಾರಿರಲಿಲ್ಲ.

ಟ್ರಂಕಿನ ತಳದಿಂದ ಹಳದಿಗಟ್ಟಿದ ಚೀಟಿ ತೆಗೆದು ಮಗಳು ವೈಶಾಲಿಯ ಕೈಗಿಟ್ಟಳು. "ನಿಮ್ಮಪ್ಪ ಹೇಳಿದ್ದು ಖರೇನೋ ಸುಳ್ಳೋ, ಮಣ್ಣ ಬೀಳೂದರಾಗ ನನಗ ಗೊತ್ತಾಗಬೇಕು. ಲೆಕ್ಕಾ ಮಾಡು."

"ಅಭೀ? ಈಗಽ? ಎಲ್ಲಾರೂ ನಿಂತಾರ, ಅವ್ವಾ."

"ನಿಲ್ಲಲಿ. ಅವರೇನು ಓಡಿ ಹೊಂಟಾರೇನ?"

*

ನೀಲಕಂಠಪ್ಪ ವ್ಯಾಗನ್ ಶೆಡ್ಡಿನಲ್ಲಿ ನಂಬರು ಬರೆಯುವ ಪೇಂಟರ್. ಓದಿದ್ದು ನಾಲ್ಕನೇ ಇಯತ್ತೆ. ಆದರೆ ವ್ಯಾಗನ್ನಿನ ಹನ್ನೊಂದು ಅಂಕಿಗಳ ಗುಟ್ಟು ಅವನಿಗೆ ಬಾಯಿಪಾಠವಾಗಿತ್ತು. ಎರಡನೆಯದು, ನಾಲ್ಕನೆಯದು, ಹೀಗೆ ಒಂದು ಬಿಟ್ಟು ಒಂದನ್ನು ಕೂಡಿಸಿ ಮೂರರಿಂದ ಗುಣಿಸು, ಉಳಿದವನ್ನೆಲ್ಲ ಅದಕ್ಕೆ ಸೇರಿಸು. ಮೊತ್ತ ಹತ್ತರ ಮಗ್ಗಿಯಲ್ಲಿ ಬರಬೇಕು, ಬರದಿದ್ದರೆ ಎಲ್ಲೋ ತಪ್ಪಾಗಿದೆ. "ಹತ್ತಕ್ಕ ಹತ್ತಬೇಕು," ಎನ್ನುತ್ತಿದ್ದ. ಕುರ್ಲಾ ಸ್ಟೇಷನ್ನಿನಲ್ಲಿ ಗೂಡ್ಸ್ ಬಂದರೆ ಮಗಳಿಂದ ಲೆಕ್ಕ ಹಾಕಿಸುತ್ತ ಎಷ್ಟೋ ಲೋಕಲ್ ತಪ್ಪಿಸಿಕೊಂಡಿದ್ದ.

ಇಪ್ಪತ್ತೆಂಟು ವರ್ಷದ ಹಿಂದಿನ ಆ ದಿನ, ಆಫೀಸಿನಿಂದ ಬಂದ ನಂಬರಿನ ಚೀಟಿ ನೋಡಿ ಹತ್ತು ಅಂಕಿ ಬರೆದವನು ಬ್ರಷ್ ಕೆಳಗಿಟ್ಟ.

"ಸಾಹೇಬ್ರ, ಕಡೀದ್ದು ಒಂಬತ್ತಲ್ಲ. ಒಂದು."

"ತೇರಾ ಕಾಮ್ ಬ್ರಷ್ ಚಲಾನಾ. ಹಿಸಾಬ್ ಹಮ್ ಕರೇಂಗೆ."

ಬ್ರಷ್ ಆಡಿಸುವುದಷ್ಟೇ ಅವನ ಕೆಲಸ, ಲೆಕ್ಕ ತಮ್ಮದು ಎಂದು ಸಾಹೇಬ ಗದರಿದರೂ ಅವನು ಒಂಬತ್ತು ಬರೆಯಲಿಲ್ಲ. ಮೂರು ದಿನ ಸಸ್ಪೆಂಡ್ ಆಯಿತು. ಆ ಒಂಬತ್ತನ್ನು ಬೇರೆಯವನು ಬರೆದ.

*

ವೈಶಾಲಿ ಚೀಟಿಯನ್ನು ಗಟ್ಟಿಯಾಗಿ ಓದಿದಳು: 40059427159. ಬೆರಳು ಮಡಚಿದಳು.

"ಇಪ್ಪತ್ತೊಂದು ಮೂರಲೆ ಅರವತ್ತಮೂರು. ಉಳಿದದ್ದು ಇಪ್ಪತ್ತೈದು. ಎಂಬತ್ತೆಂಟು..." ಅವಳ ದನಿ ಏರಿತು. "ಹತ್ತಲಿಲ್ಲ ಅವ್ವಾ! ಕಡೀದ್ದು ಒಂದಿದ್ರ ಬರೋಬರ ಎಂಬತ್ತು. ಅಪ್ಪ ಕರೆಕ್ಟ್ ಇದ್ದ!"

ಆ ಕಾಲದಲ್ಲಿ ಶೆಡ್ಡಿನಲ್ಲಿ ಗುಮಾಸ್ತನಾಗಿದ್ದ ಬೆಳಗಾವಿಯ ಶಶಿಕಾಂತ ಮುಂದೆ ಬಂದು ಚೀಟಿ ಇಸಿದುಕೊಂಡ.

"ಇದು ನನ್ನ ಅಕ್ಷರ, ವೈನಿ. ಹತ್ತು ಅಂಕಿ ಇಂಗ್ಲಿಷಿನ್ಯಾಗ ಬರದೆ. ಕಡೀದ್ದು ರೂಢಿ ಮ್ಯಾಲೆ ಮರಾಠಿ ಒಂದು ಆತು. ನೋಡಾಕ ಇಂಗ್ಲಿಷ್ ಒಂಬತ್ತಿನಂಗಽ ಇರ್ತದ. ಸಾಹೇಬ ಒಂಬತ್ತು ಅಂತ ಓದಿದಾ. ನನಗ ಅವತ್ತಽ ಹೊಳೀತು, ನೌಕರಿ ಹೋದೀತಂತ ಬಾಯಿ ಬಿಡಲಿಲ್ಲ. ನೀಲಕಂಠಗೂ ಗೊತ್ತಿತ್ತು. ಒಂದಿನಾನೂ ನನ್ನ ಹೆಸರ ಎತ್ತಲಿಲ್ಲ."

ರುದ್ರವ್ವ ಗಂಡನ ಮುಖ ನೋಡಿದಳು. ಅಳುವಿಗಿಂತ ಮೊದಲು ಅವಳಿಗೆ ಹೆಮ್ಮೆ ಉಕ್ಕಿತು.

"ಹೊರಗ ನಿಂತವರಿಗೂ ಕೇಳೂವಂಗ ಹೇಳ್ರಿ," ಎಂದಳು.

ಶಶಿಕಾಂತ ಗ್ಯಾಲರಿಗೆ ಹೋಗಿ ಅದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ನಕ್ಕವನು ತಲೆ ತಗ್ಗಿಸಿದ.

"ವ್ಯಾಗನ್ ಮ್ಯಾಲೆ ಒಂದು ಹೆಂಗ ಬರೀತಾರ?" ಓದು ಬರಹ ಕಲಿಯದ ರುದ್ರವ್ವ ಮಗಳನ್ನು ಕೇಳಿದಳು.

"ಒಂದಽ ಗೀಟು ಅವ್ವಾ. ನೆಟ್ಟಗ."

ಅವಳು ವಿಭೂತಿ ಕಲಸಿ, ಗಂಡನ ಬಲ ಅಂಗೈಯಲ್ಲಿ ನೆಟ್ಟಗೆ ಒಂದು ಗೀಟು ಎಳೆದು, ಹೊಸ್ತಿಲು ಬಿಟ್ಟು ಸರಿದಳು.

ನೀಲಕಂಠಪ್ಪನನ್ನು ಕೂತಂತೆಯೇ ಹೊತ್ತು ಚಾಳಿನ ಮೆಟ್ಟಿಲು ಇಳಿಸಿದರು. ತೊಡೆಯ ಮೇಲೆ ಅಂಗಾತ ಇದ್ದ ಬಲಗೈಯಲ್ಲಿ ಆ ಬಿಳಿ ಗೀಟು ಎಲ್ಲರಿಗೂ ಕಾಣುತ್ತಿತ್ತು.