ಒದೆ ತಪ್ಪಿದ ಬೆನ್ನುಮೂಳೆ

ನಾನು ಗದಗಿನ ಕಾಶವ್ವನ ಬೆನ್ನುಮೂಳೆ. ಹುಟ್ಟುವಾಗ ಮೂವತ್ತಮೂರು ತುಣುಕಾಗಿದ್ದೆ. ಕೆಳಗಿನವು ಕೂಡಿಕೊಂಡು ಈಗ ಇಪ್ಪತ್ತಾರು. ತಾಯಿಯ ಹೊಟ್ಟೆಯಲ್ಲಿ ಕುಡುಗೋಲಿನ ಹಾಗೆ ಬಾಗಿದ್ದೆ. ಕೂಸು ಕತ್ತೆತ್ತಿದಾಗ ಕತ್ತಿನ ಬಳಿ, ನಡೆಯತೊಡಗಿದಾಗ ಸೊಂಟದ ಬಳಿ ಒಳಕ್ಕೆ ಡೊಂಕಾದೆ. ನಗಬೇಡಿ, ಆ ಡೊಂಕಿನಿಂದಲೇ ಅವಳು ನೆಟ್ಟಗೆ ನಿಂತಿದ್ದು. ಮೂಳೆ ಮೂಳೆಯ ನಡುವೆ ಮೆತ್ತನೆಯ ಗಾದಿಗಳಿವೆ. ನಡುವಿನ ಕೊಳವೆಯಲ್ಲಿ ಮಿದುಳುಬಳ್ಳಿ ಇಳಿಯುತ್ತದೆ. ಅದನ್ನು ಕಾಯುವುದು ನನ್ನ ಕೆಲಸ.

ಮೀನು, ಕಪ್ಪೆ, ಕೋಳಿ, ಎತ್ತು, ಎಲ್ಲರ ಬೆನ್ನಲ್ಲೂ ನಮ್ಮ ಬಳಗದವರೇ. ಆದರೆ ಅವರಾರೂ ಖಾನಾವಳಿಯಲ್ಲಿ ದಿನಕ್ಕೆ ಮುನ್ನೂರು ರೊಟ್ಟಿ ಬಡಿದವರಲ್ಲ. ಕಾಶವ್ವ ನೆಲದ ಮೇಲೆ ಕೂತು, ನನ್ನನ್ನು ಬಗ್ಗಿಸಿ ಬಡಿದಳು. ಜನ ಅವಳನ್ನು ಮನೆಯ ಬೆನ್ನೆಲುಬು ಅಂದರು. ನನ್ನನ್ನು ಮಾತ್ರ ಒಬ್ಬರೂ ಹೇಗಿದ್ದೀ ಎಂದು ಕೇಳಲಿಲ್ಲ.

ಒಂದು ಬೆಳಿಗ್ಗೆ ಅವಳು ಮೊಣಕಾಲು ಮಡಿಸದೆ ಹಿಟ್ಟಿನ ಚೀಲ ಎತ್ತಿದಳು. ಛಳಕ್ ಅಂದಿತು. ನನ್ನ ಒಂದು ಗಾದಿ ಜಾರಿ, ಕಾಲಿಗೆ ಇಳಿಯುವ ನರವನ್ನು ಒತ್ತಿತು. ಎಡಗಾಲು ಜೋಮು ಹಿಡಿಯಿತು.

"ಬರೇ ಉಳುಕು, ಅಷ್ಟ. ಕಾಲ ಮುಂದಾಗಿ ಹುಟ್ಟಿದವ್ರು ಒದ್ರ ಹೋಗ್ತೈತಿ," ಅಂದಳು ಪಕ್ಕದ ಮನೆಯ ನಿಂಬೆವ್ವ.

ಹಾಗೆ ಹುಟ್ಟಿದವನೆಂದು ಓಣಿಯಲ್ಲಿ ಹೆಸರಾದವನು ಯಮನಪ್ಪ ಪೈಲ್ವಾನ. ಅವನನ್ನು ಕರೆತಂದು, ಕಾಶವ್ವನನ್ನು ಬೋರಲಾಗಿ ಮಲಗಿಸಿದರು. ಅವನ ಪಾದ ನೋಡಿ ನನ್ನ ಜೀವವೇ ಹಾರಿತು. ಒದೆ ಬಿದ್ದರೆ ಗಾದಿ ಇನ್ನೂ ಜಾರುತ್ತದೆ, ಕಾಶವ್ವ ಮತ್ತೆ ನಡೆಯುವುದು ಅನುಮಾನ. ಹೇಳೋಣವೆಂದರೆ ನನಗೆ ಬಾಯಿಲ್ಲ.

ಅವನು ಕಾಲೆತ್ತಿದ.

"ಏ ಯಮನ್ಯಾ, ಕಾಲ ಇಳಿಸೋ!" ಅವನ ಅವ್ವ, ಸೂಲಗಿತ್ತಿ ದ್ಯಾಮವ್ವ, ಏದುಸಿರು ಬಿಡುತ್ತ ಬಂದಳು. "ಕಾಲ ಮುಂದಾಗಿ ಹುಟ್ಟಿದಾಕಿ ನಿಮ್ಮಕ್ಕ. ನೀ ತಲಿ ಮುಂದಾಗೇ ಬಂದಿ!"

"ಮತ್ತ ಹತ್ತ ವರ್ಷದಿಂದ ಒದೀಲಿಕತ್ತೀನಲ್ಲ ಯವ್ವಾ?"

"ಮಂದಿ ನಿನಗ ಮರ್ಯಾದಿ ಕೊಡ್ತಾರಂತ ಸುಮ್ನಿದ್ದೆ. ಈಕಿ ಕಾಲ ಜೋಮ ಹಿಡದೈತಂತ, ಇದು ಬರೇ ಉಳುಕಲ್ಲ!"

ದ್ಯಾಮವ್ವ ಸೆರಗಿನ ಪಿನ್ನು ತೆಗೆದು ಎಡಪಾದಕ್ಕೆ ಚುಚ್ಚಿದಳು. ಕಾಶವ್ವ ಮಿಸುಕಲಿಲ್ಲ. ಎಲ್ಲರ ಮುಖ ಇಳಿಯಿತು. ಯಮನಪ್ಪನೇ ಅವಳನ್ನು ಹಲಗೆಯ ಮೇಲೆ ಮಲಗಿಸಿ ಟಂಟಂ ಗಾಡಿ ಹತ್ತಿಸಿ ದವಾಖಾನೆಗೆ ಒಯ್ದ.

ಡಾಕ್ಟರು ನನ್ನ ಫೋಟೋ ತೆಗೆಸಿ ನೋಡಿದರು. "ಎಲುಬು ಗಟ್ಟಿ ಅದಾವ. ಸದ್ಯಕ್ಕ ಆಪರೇಷನ್ ಬ್ಯಾಡ. ನರ ಎಚ್ಚರಾಕ್ಕೈತೇನು, ಕಾದು ನೋಡೂಣು."

ಕಾದೆವು. ದ್ಯಾಮವ್ವ ವಾರಕ್ಕೊಮ್ಮೆ ಬಂದು ಚುಚ್ಚಿ, ಕಾಲು ಮಿಸುಕದಿದ್ದರೆ ಪಿನ್ನನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಐದು ವಾರ ಹೀಗೇ ಕಳೆಯಿತು. ಆರನೆಯ ವಾರ ಪಿನ್ನು ತಾಗಿದ್ದೇ ತಡ, ಕಾಶವ್ವ ಕಿರುಚಿದಳು:

"ಯವ್ವಾ, ಸತ್ತೆ! ಏ ಮುದುಕಿ, ನಿನ್ನ ಕೈ ಮುರೀಲಿ!"

ಬೈಸಿಕೊಂಡ ದ್ಯಾಮವ್ವ ಅವಳನ್ನು ತಬ್ಬಿಕೊಂಡು ಅತ್ತಳು. ನಿಂಬೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಬ್ಬಾ, ನನಗೂ ಆಗಲೇ ಉಸಿರು ಬಂದದ್ದು.

ಈಗ ನನಗೆ ಅರವತ್ತೆಂಟು. ಗಾದಿಗಳು ಸವೆದು ಎರಡು ಬೆರಳು ಗಿಡ್ಡಾಗಿದ್ದೇನೆ. ಕಾಶವ್ವ ಅಡಿಗೆ ಕಟ್ಟೆಯ ಮುಂದೆ ನಿಂತೇ ರೊಟ್ಟಿ ಬಡಿಯುತ್ತಾಳೆ, ದಿನಕ್ಕೆ ಐವತ್ತು ಸಾಕು ಅನ್ನುತ್ತಾಳೆ. ಏನೇ ಎತ್ತಲಿ, ಮೊದಲು ಮೊಣಕಾಲು ಮಡಿಸುತ್ತಾಳೆ. ಯಮನಪ್ಪ ಊಟಕ್ಕೆ ಬಂದರೆ ತಾಟಿನ ಮುಂದೆ ಕೂರುವ ಮೊದಲು ಕೇಳುವುದು ನನ್ನನ್ನೇ:

"ಅಕ್ಕಾರ, ಬೆನ್ನ ಹೆಂಗೈತ್ರಿ?"

"ನೀ ಒದೀಲಿಲ್ಲಲ್ಲೋ ತಮ್ಮಾ, ಚಲೋ ಐತಿ."