ಯಶವಂತನಗರದ ಗೇಟಿಗೆ ಹೋದ ಕೊಂಬೆ

ಫ್ಯಾನಿನ ಗಾಳಿಗೂ ಅದಿರು ಧೂಳಿನ ವಾಸನೆ, ಹೊಸಪೇಟೆಯ ಮೂರನೇ ಮಹಡಿಯ ಈ ಕ್ಯಾಮೆರಾ ಕೋಣೆಯನ್ನೂ ಅದು ಬಿಟ್ಟಿಲ್ಲ, ಮಾನಿಟರಿನಲ್ಲಿ ಯಶವಂತನಗರದ ಗಣಿ ಗೇಟು, ಲಾರಿಗಳ ಸಾಲು, ಗಾಜಿನ ಕೋಣೆಯಲ್ಲಿ ಲಾರಿ ನಂಬರು ಬರೆಯುವ ಅಪ್ಪ ಉಜ್ಜಿನಪ್ಪ, ಅದೇ ಬಗ್ಗಿದ ತಲೆ, ಕಂಪ್ಯೂಟರಿನೊಳಗೇ ಹುದುಗಿದ ಮುಖ — ಹನ್ನೊಂದು ತಿಂಗಳಿಂದ ಸ್ಫೂರ್ತಿಗೆ ಕಂಡದ್ದು ಅಪ್ಪನ ನೆತ್ತಿಯಷ್ಟೇ, ಒಮ್ಮೆಯಾದರೂ ಕತ್ತೆತ್ತಬಾರದೇ, ಹಟಮಾರಿ ಮನುಷ್ಯ, ಡ್ರೈವರ್ ಲಿಂಗರಾಜನನ್ನು ಹೇಳದೆ ಕೇಳದೆ ಮದುವೆಯಾದದ್ದು ತಪ್ಪು ಹೌದು, ಆದರೆ ಇಷ್ಟು ದಿನದ ಮುನಿಸೇ, ನಿನ್ ಹೆಸರೆತ್ತಿದ್ರ ನಿಮ್ಮಪ್ಪ ಗಂಗಾಳ ಬಿಟ್ಟು ಎದ್ದು ಹೊಕ್ಕಾರವ್ವ, ಅವ್ವ ಫೋನಿನಲ್ಲಿ ಅಂದದ್ದು, ಲಿಂಗರಾಜ ಅದಿರು ಹೇರಿಕೊಂಡು ಬಂದರಿಗೆ ಹೋದರೆ ಐದು ದಿನ, ಒಂದು ಲೋಟ ಅಕ್ಕಿಯ ಅನ್ನ ಎರಡು ಹೊತ್ತಿಗೂ ಮಿಗುತ್ತದೆ, ಮಾತಾಡಲು ಗೋಡೆಯೇ ಗತಿ, ಇಲ್ಲಿ ಹನುಮಣ್ಣ ಸಾಹೇಬರದು ಬೆಳಿಗ್ಗೆಯಿಂದ ಒಂದೇ ರಗಳೆ, ಕ್ಯಾಮೆರಾ ಲೈನ್ ಭಾಳ ಜಾಮ್ ಆಗೇತ್ರಿ ಮೇಡಂ, ಬ್ಯಾಡಾದ ಕೊಂಬಿ ಎಲ್ಲಾ ಕತ್ತರಿಸಿಬಿಡ್ರಿ.

ಕೊಂಬೆ, ಹೌದು, ಕ್ಯಾಮೆರಾದ ಚಿತ್ರ ಒಂದೇ ಸಲ ಹೊರಡುತ್ತದೆ, ದಾರಿ ಕವಲೊಡೆಯುವಲ್ಲಿ ಮಾತ್ರ ರೌಟರು ಅದನ್ನು ಎರಡು ಮಾಡುತ್ತದೆ, ಅದೂ ಕೇಳಿದವರ ಕಡೆಗಷ್ಟೇ, ಆ ಕವಲೇ ಕೊಂಬೆ, ನಿಮಿಷ ಎರಡು ನಿಮಿಷಕ್ಕೊಮ್ಮೆ ವಿಚಾರಿಸುತ್ತದೆ, ಯಾರಾದರೂ ಇದ್ದೀರಾ, ಇನ್ನೂ ಬೇಕಾ, ಉತ್ತರ ಬರದಿದ್ದರೆ ಸ್ವಲ್ಪ ಕಾದು ತಾನೇ ಕತ್ತರಿಸುತ್ತದೆ, ಮತ್ತೆ ಬೇಕೆಂದರೆ ಮತ್ತೆ ಚಿಗುರಿಸುತ್ತದೆ, ಮನುಷ್ಯರಿಗಿಂತ ವಾಸಿ, ಕಾರಣ ಕೇಳುವುದಿಲ್ಲ — ಕೊಂಬೆಗಳ ಪಟ್ಟಿಯನ್ನು ಒಂದೊಂದಾಗಿ ನೋಡುತ್ತಾಳೆ, ಸಂಡೂರು ಆಫೀಸು ಇರಲಿ, ಲೋಡಿಂಗ್ ಜಾಗ ಇರಲಿ, ಇದೇನಿದು, ಈ ಕೋಣೆಯದೇ ಕ್ಯಾಮೆರಾ, ಅವಳ ಕುರ್ಚಿಯ ಎದುರು ಗೋಡೆಗೆ ಹೊಡೆದದ್ದು, ಅದರದೊಂದು ಕೊಂಬೆ ಯಶವಂತನಗರದ ಗೇಟಿಗೆ, ಈ ಕೋಣೆಯನ್ನು ನೋಡಿ ಗೇಟಿನವರಿಗೆ ಆಗಬೇಕಾದದ್ದೇನು, ಕತ್ತರಿಸಲು ಹೊರಟ ಬೆರಳು ಕೀಲಿಯ ಮೇಲೇ ನಿಂತಿತು, ಆ ಗೇಟಿನಲ್ಲಿರುವುದು ಒಂದೇ ಕಂಪ್ಯೂಟರು, ಅಪ್ಪನದು, ರೌಟರು ಕೇಳಿದಾಗಲೆಲ್ಲ ಬೇಕು, ಬೇಕು ಎನ್ನುತ್ತಿರುವುದು ಅದೇ.

ಇಲ್ಲ, ಯಾರೋ ತಪ್ಪಿ ತೆರೆದು ಮರೆತಿರಬೇಕು, ಆಸೆ ಪಡಬಾರದು, ಆದರೂ ನೋಡಿಯೇ ಬಿಡೋಣವೆಂದು ಕುರ್ಚಿ ಬಿಟ್ಟು ಎದ್ದಳು, ಕ್ಯಾಮೆರಾಗೆ ಸಿಗದಂತೆ ಮೂಲೆಗೆ ಸರಿದಳು, ಕಣ್ಣು ಮಾತ್ರ ಮಾನಿಟರಿನ ಮೇಲೆ, ಗೇಟಿನ ಲಾರಿಯವನು ಕಿಟಕಿಯಿಂದ ಕೈ ಬೀಸುತ್ತಿದ್ದಾನೆ, ಅಪ್ಪ ಅತ್ತ ನೋಡುತ್ತಿಲ್ಲ, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಹಾಕಿಕೊಳ್ಳುತ್ತಾನೆ, ಬಗ್ಗಿದ ತಲೆ ಇನ್ನಷ್ಟು ಬಗ್ಗುತ್ತದೆ, ಮೂಗು ಪರದೆಗೆ ತಾಗುವಷ್ಟು, ಬಗ್ಗಿದ ತಲೆ, ಅಪ್ಪನ ತಲೆ, ಅವಳಿಲ್ಲದ ಕುರ್ಚಿಯಲ್ಲಿ ಅವಳನ್ನು ಹುಡುಕುತ್ತ —